ಅಣ್ಣನ ಕೋಟು, ಯಜಮಾನರ ಲಾಡ್ಜು

ತಿಂಗಳಿಗೊಂದು ಶನಿವಾರ ಸಂಜೆ ನಮ್ಮ ಯಜಮಾನರು ಪ್ಯಾಂಟು, ಕರಿ ಕೋಟು ತೊಟ್ಟು, ಚಪ್ಪಟೆಯಾದ ಒಂದು ಚರ್ಮದ ಚೀಲ ಹಿಡಿದು ಶಾಲೆಗೆ ಹೊರಡುತ್ತಿದ್ದರು. ಬೆಳಿಗ್ಗೆ ಕಚ್ಚೆಪಂಚೆ ಉಟ್ಟು ಅದೇ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿ ಬಂದವರು ಅವರೇ. "ಅಲ್ಲಿ ಏನು ಮಾಡ್ತೀರಿ?" ಎಂದರೆ, "ಹೇಳೋ ಹಾಗಿಲ್ಲ ಕಣೇ" ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದ ಗಂಡ ಹೀಗಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ನನಗಂತೂ ಅನುಮಾನ ಹುಟ್ಟುಗುಣ. ಹಾಲಿನವಳು ನೀರು ಬೆರೆಸದೆ ಹಾಲು ಹಾಕಿದ ದಿನವೂ ಇವತ್ತು ಯಾಕೆ ಬೆರೆಸಲಿಲ್ಲ ಎಂದು ಯೋಚಿಸುವವಳು ನಾನು.

ಐವತ್ತರ ದಶಕದ ಕೊನೆಯ ಮಾತಿದು. ಶಿವಮೊಗ್ಗದ ಆ ಶಾಲೆಯಲ್ಲಿ ಓದಿ ದೊಡ್ಡವರಾದವರೂ ಅಲ್ಲಿನ ಮೇಷ್ಟ್ರುಗಳೂ ಸೇರಿ ಫ್ರೀಮೇಸನ್ ಲಾಡ್ಜು ಎಂದು ಗುಟ್ಟು ಕಾಯುವ ಗಂಡಸರ ಸಂಘವೊಂದನ್ನು ಕಟ್ಟಿಕೊಂಡಿದ್ದರು. ವಕೀಲರು, ಡಾಕ್ಟರು, ಅಡಿಕೆ ಮಂಡಿಯ ಸಾಹುಕಾರರು, ಶಾಲೆಯ ಕಮಿಟಿಯ ಅಧ್ಯಕ್ಷರು ಎಲ್ಲ ಅದರಲ್ಲಿದ್ದರು. ಶಾಲೆಯ ಮಹಡಿಯ ಮೇಲಿನ ಹಾಲಿನಲ್ಲಿ ಸಭೆ. ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು ಬಾಗಿಲಿಗೆ ಒಬ್ಬರನ್ನು ಕಾವಲು ನಿಲ್ಲಿಸುತ್ತಿದ್ದರು. ಅವರ ಕೈಯಲ್ಲಿ ಕತ್ತಿ ಇರುತ್ತದೆ ಎಂದು ಊರೆಲ್ಲ ಗುಸುಗುಸು. ಶಾಲೆಯ ಹುಡುಗರಿಗೆ ಅದು ದೆವ್ವದ ಕೋಣೆ. ಭದ್ರಾವತಿಯಲ್ಲಿ ನನ್ನ ಅಣ್ಣನ ಮನೆಗೆ ಕೆಲಸಕ್ಕೆ ಬರುತ್ತಿದ್ದ ತಮಿಳಿನ ಹೆಂಗಸು ಇನ್ನೂ ಮುಂದೆ ಹೋಗಿ, ಅದು ತಲೆವೆಟ್ಟಿ ಕೋಯಿಲ್, ಅಲ್ಲಿ ತಲೆ ಕಡಿಯುತ್ತಾರೆ ಎಂದಳು. ನಮ್ಮವರ ತಲೆ ಪ್ರತಿ ಸಲವೂ ಕತ್ತಿನ ಮೇಲೇ ವಾಪಸ್ಸು ಬರುತ್ತಿತ್ತು, ಅಷ್ಟೇ ಸಮಾಧಾನ.

ಬಂದ ಕೂಡಲೇ ಕೋಟು ಇಸಿದುಕೊಂಡು ಮೂಸಿ ನೋಡುತ್ತಿದ್ದೆ. ಕುಡಿದ ವಾಸನೆ ಇಲ್ಲ. ಏಲಕ್ಕಿಯ ವಾಸನೆ ಇರುತ್ತಿತ್ತು. ಏಲಕ್ಕಿ ಯಾಕೆ ಅಗಿದರು, ಏನನ್ನು ಮುಚ್ಚಲು ಅಗಿದರು ಎಂದು ಮತ್ತೆ ತಲೆಬಿಸಿ. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಚರ್ಮದ ಚೀಲವನ್ನೂ ಬಿಚ್ಚಿದೆ. ಒಳಗೆ ಬಿಳಿ ಕೈಗವಸು, ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿಯದೊಂದು ಏಪ್ರನ್ನು. ಮುಟ್ಟಿದರೆ ನುಣ್ಣಗೆ. ಅದು ಕುರಿಮರಿಯ ಚರ್ಮ ಎಂದು ಗೊತ್ತಾದ ಮೇಲೆ ಆ ಚೀಲಕ್ಕೆ ದೇವರ ಕೋಣೆಯಿಂದ ದೂರ, ಸೈಕಲ್ಲು ನಿಲ್ಲಿಸುವ ಕಡೆ ಒಂದು ಗೂಟ ಹೊಡೆಸಿದೆ. ಅವರು ತುಟಿಪಿಟಿಕ್ಕೆನ್ನಲಿಲ್ಲ. ಬೇರೆ ವಿಷಯಕ್ಕೆಲ್ಲ ನನ್ನ ಜೊತೆ ವಾದ ಮಾಡುವವರು ಇದಕ್ಕೆ ಮಾತ್ರ ಇಷ್ಟು ಬೇಗ ಒಪ್ಪಿದ್ದೂ ನನಗೆ ಸರಿಕಾಣಲಿಲ್ಲ.

ಸಭೆಯ ದಿನ ಹೆಂಡತಿಯರೆಲ್ಲ ಶಾಲೆಯ ಕಾಂಪೌಂಡಿನಲ್ಲೇ ಇದ್ದ ಹೆಡ್‌ಮಾಸ್ಟರ ಮನೆಯಲ್ಲಿ ಸೇರುತ್ತಿದ್ದೆವು. ಹೆಡ್‌ಮಾಸ್ಟರ ಹೆಂಡತಿ ದೊಡ್ಡ ಮನಸ್ಸಿನವರು, ಬಾಯಿ ಇನ್ನೂ ದೊಡ್ಡದು. ಅವರ ಬಾಳೆಕಾಯಿ ಬಜ್ಜಿ ತಿನ್ನುತ್ತ, ಮಹಡಿಯಿಂದ ಏನಾದರೂ ಸದ್ದು ಬಂದರೆ ಎಲ್ಲರೂ ಕಿವಿ ನೆಟ್ಟಗೆ ಮಾಡುತ್ತಿದ್ದೆವು. ಮರದ ಸುತ್ತಿಗೆಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಹೆಂಗಸರನ್ನೂ ನೆಂಟರನ್ನೂ ಕರೆದು ಶಾಲೆಯ ಮೈದಾನದಲ್ಲಿ ಟೀ ಪಾರ್ಟಿ ಮಾಡುತ್ತಿದ್ದರು. ನಮ್ಮ ತಾಳ್ಮೆಯನ್ನು ಹೊಗಳಿ ಒಬ್ಬರು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದರು. ಆಮೇಲೆ ಎಲ್ಲರಿಗೂ ಒಂದೊಂದು ಗುಲಾಬಿ.

ಅಂಥ ಒಂದು ಪಾರ್ಟಿಗೆ ನನ್ನ ಅಣ್ಣನೂ ಬಂದಿದ್ದ. ಅವನೂ ಅದೇ ಶಾಲೆಯಲ್ಲಿ ಓದಿದವನು. ಈಗ ಭದ್ರಾವತಿಯ ಕಾಗದನಗರದಲ್ಲಿ ಪೇಪರ್ ಮಿಲ್ಲಿನ ಆಫೀಸರು, ದೊಡ್ಡ ಕ್ವಾರ್ಟರ್ಸು, ಮುಂದೆ ತೋಟ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಎಂದರೆ ಅವನ ಮನೆಯೇ. ಗೌರಿ ಹಬ್ಬಕ್ಕೆ ಬಾಗಿನದ ಮೊರ ಹಿಡಿದು ತಾನೇ ಬಂದು ಕೊಟ್ಟು ಹೋಗುತ್ತಿದ್ದ. ನನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದ. ಆದರೆ ತಂಗಿಯ ಗಂಡನನ್ನು ಭಾವ ಎಂದು ಕರೆಯುವ ಬದಲು ಎಲ್ಲರೆದುರೂ "ನಮ್ಮ ಮೇಷ್ಟ್ರು" ಎನ್ನುತ್ತಿದ್ದ. ಅವತ್ತು ವಕೀಲರ, ಡಾಕ್ಟರ ನಡುವೆ ನಿಂತು ಯಜಮಾನರ ಬೆನ್ನು ತಟ್ಟಿ ನಕ್ಕ. "ಈ ಕೋಟು ನಂದೇ ಇತ್ತು ನೋಡಿ. ನಂಗೆ ಬಿಗಿಯಾಯ್ತು ಅಂತ ಕೊಟ್ಟೆ. ನಮ್ಮ ಮೇಷ್ಟ್ರಿಗೆ ಎಷ್ಟು ಚೆನ್ನಾಗಿ ಕೂತಿದೆ!"

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಗಾಂಧಿ ಬಜಾರಿನ ದರ್ಜಿಯ ಹತ್ತಿರ ತೋಳು ಚಿಕ್ಕದು ಮಾಡಿಸಿ ತಂದಿದ್ದವಳು ನಾನೇ. ನಾನೂ ನಕ್ಕೆ.

ಆ ಪಾರ್ಟಿ ಅಣ್ಣನಿಗೆ ಬಹಳ ಹಿಡಿಸಿತು. ಮುಂದಿನ ವಾರವೇ ಶಿವಮೊಗ್ಗಕ್ಕೆ ಬಂದು, "ಮೇಷ್ಟ್ರೇ, ನನ್ನನ್ನೂ ಸೇರಿಸ್ರೀ ನಿಮ್ಮ ಲಾಡ್ಜಿಗೆ. ನೀವೇ ಹೆಸರು ಸೂಚಿಸಿ" ಎಂದ. "ಅದಕ್ಕೇನಂತೆ" ಎಂದರು ಯಜಮಾನರು. ಹೆಸರು ಸೂಚಿಸಿಯೂ ಬಿಟ್ಟರು. ಸೂಚಿಸಿದ ಮೇಲೆ ಮತ ಹಾಕುವ ಕ್ರಮ ಒಂದಿತ್ತು. ಹೆಡ್‌ಮಾಸ್ಟರ ಹೆಂಡತಿ ಅದನ್ನೆಲ್ಲ ಗಂಡನಿಂದ ಹೇಗೋ ತೆಗೆದಿದ್ದರು. ಒಂದು ಮರದ ಪೆಟ್ಟಿಗೆ ಸುತ್ತು ಬರುತ್ತದೆ. ಪ್ರತಿಯೊಬ್ಬರೂ ಯಾರಿಗೂ ಕಾಣದ ಹಾಗೆ ಒಂದು ಗೋಲಿ ಹಾಕಬೇಕು. ಬಿಳಿ ಎಂದರೆ ಬರಲಿ, ಕರಿ ಎಂದರೆ ಬೇಡ. ಆ ಲಾಡ್ಜಿನಲ್ಲಿ ಒಂದೇ ಒಂದು ಕರಿ ಗೋಲಿ ಬಿದ್ದರೂ ಮುಗಿಯಿತು. ಯಾರು ಹಾಕಿದರೆಂದು ಕೇಳುವಂತಿಲ್ಲ, ಹೇಳುವಂತಿಲ್ಲ.

ಅಣ್ಣನಿಗೆ ಕರಿ ಗೋಲಿ ಬಿತ್ತು.

ಸುದ್ದಿ ತಿಳಿದ ಭಾನುವಾರ ನಾನು ಭದ್ರಾವತಿಗೆ ಓಡಿದೆ. ಅಣ್ಣ ಮುಖ ಗಂಟಿಕ್ಕಿಕೊಂಡು ಕೂತಿದ್ದ. "ನಿನ್ನ ಗಂಡನೇ ಹಾಕಿದ್ದು" ಎಂದ.

"ಹೆಸರು ಸೂಚಿಸಿದವರೇ ಅವರು. ತಾವೇ ಸೂಚಿಸಿ ತಾವೇ ಬೇಡ ಅಂತಾರಾ? ಬುದ್ಧಿ ಇದೆಯಾ ನಿಂಗೆ?"

"ಮತ್ಯಾರು ಹಾಕ್ತಾರೆ? ಉಳಿದವರಿಗೆಲ್ಲ ನಾನು ಬೇಕಾದವನು."

ನನಗೆ ಮೈಯೆಲ್ಲ ಉರಿಯಿತು. ಲೋಕದಲ್ಲಿ ಎಲ್ಲರ ಮೇಲೂ ಅನುಮಾನ ಪಡುವವಳು ಅವತ್ತು ಗಂಡನ ಪರ ಎದ್ದು ನಿಂತೆ. "ನಮ್ಮ ಯಜಮಾನರು ಅಂಥವರಲ್ಲ. ಈ ಮಾತು ವಾಪಸ್ಸು ತಗೊಳ್ಳೋ ತನಕ ನಿನ್ನ ಹೊಸ್ತಿಲು ತುಳಿಯಲ್ಲ" ಎಂದು ಹೇಳಿ ಕಾಫಿಯನ್ನೂ ಮುಟ್ಟದೆ ಬಂದೆ. ಅತ್ತಿಗೆ ಗೇಟಿನವರೆಗೂ ಓಡಿ ಬಂದು, "ಸಿಟ್ಟಲ್ಲಿ ಹೋಗ್ಬೇಡ ಮಾರಾಯ್ತಿ" ಎಂದು ಕೈ ಹಿಡಿದುಕೊಂಡರು. ಬಿಡಿಸಿಕೊಂಡೆ. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರೆ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅಕ್ಕಪಕ್ಕದವರ ಮನೆಗಳಿಗೆ ಅಣ್ಣತಮ್ಮಂದಿರು ಮೊರ ಹಿಡಿದು ಬರುವುದನ್ನು ಕಿಟಕಿಯಿಂದ ನೋಡಿದೆ. ಮುಂದಿನ ವರ್ಷವೂ ಅಷ್ಟೇ. ಹಬ್ಬದ ಅಡಿಗೆ ಮಾಡುತ್ತ ಒಲೆಯ ಹೊಗೆಯ ನೆಪದಲ್ಲಿ ಅತ್ತೆ. ಯಜಮಾನರು ಅಡಿಗೆಮನೆಯ ಬಾಗಿಲಿನವರೆಗೆ ಬಂದು ನಿಂತು ಮತ್ತೆ ಹಿಂದಕ್ಕೆ ಹೋದದ್ದು ಕಂಡಿತು. ಪಾಪ, ನನ್ನ ಸಂಕಟ ನೋಡಲಾರದೆ ಹೋದರು ಎಂದುಕೊಂಡೆ.

ಆಮೇಲೊಂದು ಸಭೆಯ ಶನಿವಾರ, ಬಜ್ಜಿ ತಟ್ಟೆ ಮುಂದಿಟ್ಟುಕೊಂಡು ಹೆಡ್‌ಮಾಸ್ಟರ ಹೆಂಡತಿ ಹೇಳಿದರು: "ನಿಮ್ಮ ಯಜಮಾನ್ರದ್ದು ದೊಡ್ಡ ಗುಣ ಕಣ್ರೀ. ತಾನು ಕರ್ಕೊಂಡು ಬಂದೋನಿಗೆ ಕರಿ ಬಿದ್ರೆ ಅದು ಕರ್ಕೊಂಡು ಬಂದೋನಿಗೇ ಅವಮಾನ. ಹಿಂದೆ ವಕೀಲರೊಬ್ರು ಹಾಗಾದಾಗ ಸಿಟ್ಟು ಮಾಡ್ಕೊಂಡು ಲಾಡ್ಜೇ ಬಿಟ್ರು. ಇವರು ನೋಡಿ, ಒಂದು ಸಭೆನೂ ತಪ್ಪಿಸ್ಲಿಲ್ಲ. ಈಗಂತೂ ಇನ್ನೂ ಗೆಲುವಾಗಿದಾರಂತೆ."

ಅವರು ಹೊಗಳಿಯೇ ಹೇಳಿದ್ದು. ನಾನು ಕೈಯಲ್ಲಿದ್ದ ಬಜ್ಜಿಯನ್ನು ಹಾಗೇ ಕೆಳಗಿಟ್ಟೆ. ನೆರೆಮನೆಯವರು ಮದುವೆಗೆ ಕರೆಯಲು ಮರೆತರೆ ಒಂದು ವಾರ ಊಟ ಸೇರದ ಮನುಷ್ಯ ಇವರು. ಇಂಥ ಅವಮಾನವನ್ನು ಹೇಗೆ ನುಂಗಿದರು? ಅವಮಾನವೇ ಆಗಿರದಿದ್ದರೆ ಮಾತ್ರ ನುಂಗಬಹುದು. ಕೋಟು ಮೂಸಿದೆ, ಚೀಲ ಬಿಚ್ಚಿದೆ, ಮನುಷ್ಯನ ಮುಖವನ್ನೇ ನಾನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಜಗಲಿಯಲ್ಲಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾಗ ಎದುರಿಗೆ ಹೋಗಿ ಕೂತೆ. "ಕರಿ ಗೋಲಿ ನೀವೇ ಹಾಕಿದ್ದಾ?"

"ಅದೆಲ್ಲ ಹೇಳೋ ಹಾಗಿಲ್ಲ ಕಣೇ."

"ಹೇಳ್ಬೇಡಿ. ಅಲ್ಲ ಅಂತ ಒಂದು ಸಲ ತಲೆ ಅಲ್ಲಾಡ್ಸಿ, ಸಾಕು."

ತಲೆ ಅಲ್ಲಾಡಲಿಲ್ಲ. ಬ್ರಷ್ಷನ್ನು ಕೆಳಗಿಟ್ಟು ಹೇಳಿದರು: "ಶಾಲೇಲಿ ಕಮಿಟಿ ಅಧ್ಯಕ್ಷರು ನನ್ನನ್ನ ನಿಲ್ಲಿಸ್ಕೊಂಡೇ ಮಾತಾಡ್ಸೋದು. ಮಹಡಿ ಮೇಲೆ ಅದೇ ಮನುಷ್ಯ ಪಕ್ಕದಲ್ಲಿ ಕೂತು ಬ್ರದರ್ ಅಂತಾರೆ. ಅಲ್ಲಿ ನಾನು ಮೇಷ್ಟ್ರಲ್ಲ. ನಿಮ್ಮಣ್ಣ ಬಂದ್ರೆ ಮೊದಲನೇ ದಿನವೇ ಮತ್ತೆ ಕೋಟಿನ ಕಥೆ ಶುರು ಮಾಡ್ತಾನೆ."

"ಬೇಡ ಅಂತ ಮೊದಲೇ ಹೇಳ್ಬಹುದಿತ್ತಲ್ಲ?"

"ನಿಮ್ಮಣ್ಣನಿಗೆ ಯಾರಾದ್ರೂ ಬೇಡ ಅಂದಿದ್ದನ್ನ ನೀನು ನೋಡಿದೀಯಾ?"

ನೋಡಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಗೋಲಿ ಹಾಕಿದ್ದಕ್ಕಲ್ಲ ಆ ಸಿಟ್ಟು. ಇವರಿಗಾಗಿ ನಾನು ತವರು ಬಿಟ್ಟು ಬಂದೆ, ಎರಡು ಹಬ್ಬ ಅತ್ತೆ, ಇವರು ಬಾಗಿಲಲ್ಲಿ ನಿಂತು ನೋಡಿ ಸುಮ್ಮನೆ ಹೋದರು. ಇನ್ನು ನನಗೆ ಅಣ್ಣ ಬೇಕಾದರೆ ನಾನೇ ಹೋಗಿ ಗಂಡನ ಮಾನ ತೆಗೆಯಬೇಕು. ಗಂಡನ ಮಾನ ಉಳಿಯಬೇಕಾದರೆ ತವರು ಇಲ್ಲ. ಇಂಥ ಇಕ್ಕಟ್ಟಿಗೆ ನನ್ನನ್ನು ಸಿಕ್ಕಿಸಿ ಅವರು ಮತ್ತೆ ಬೂಟು ತಿಕ್ಕಲು ಹತ್ತಿದರು.

ಆ ಸಲದ ಗೌರಿ ಹಬ್ಬದ ಹಿಂದಿನ ದಿನ ಬೆಳಗಿನ ರೈಲು ಹಿಡಿದು ಭದ್ರಾವತಿಗೆ ಹೋದೆ. ಯಾಕೆ ಎಂದು ಯಜಮಾನರು ಕೇಳಲಿಲ್ಲ, ಅವರ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಅಣ್ಣ ವರಾಂಡದಲ್ಲಿದ್ದ. "ಏನು, ದಾರಿ ತಪ್ಪಿ ಬಂದ್ಯಾ?" ಎಂದ.

"ನೀನು ಹೇಳಿದ್ದೇ ಸರಿ. ಅವರೇ ಹಾಕಿದ್ದು."

"ನಾನು ಅವತ್ತೇ ಹೇಳ್ಲಿಲ್ವಾ!" ಎಂದು ಅಣ್ಣ ಕುರ್ಚಿಯ ಕೈ ಗುದ್ದಿದ. ಗೆದ್ದವನ ಮುಖ.

"ಯಾಕೆ ಹಾಕಿದ್ರು ಅಂತ ಕೇಳು."

"ಯಾಕೆ?"

"ನಿನ್ನ ಕೋಟಿಗೆ."

ಅವನಿಗೆ ಅರ್ಥವಾಗಲಿಲ್ಲ. ಪಾರ್ಟಿಯಲ್ಲಿ ಅವನು ಅಂದದ್ದನ್ನು ನೆನಪಿಸಿದೆ. "ಅದು ತಮಾಷೆಗೆ ಅಂದಿದ್ದು ಕಣೇ. ಮೇಷ್ಟ್ರೂ ನಗ್ತಿದ್ರಲ್ಲ" ಎಂದ. "ಇನ್ನೇನು ಮಾಡ್ಬೇಕಿತ್ತು ಅವರು? ಅಷ್ಟು ಜನರ ಮುಂದೆ ಬಿಚ್ಚಿ ನಿನ್ನ ಕೈಗೆ ಕೊಡ್ಬೇಕಿತ್ತಾ?" ಎಂದೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಕೊಟ್ಟಿದ್ದನ್ನ ಆಡಿ ತೋರಿಸ್ಬೇಡಿ ಅಂತ ನಾನೂ ಬಡ್ಕೊಂಡಿದ್ದೆ" ಎಂದರು.

ಅಣ್ಣ ಎದ್ದು ತೋಟದ ಕಡೆ ಮುಖ ಮಾಡಿ ನಿಂತ. ಗೆದ್ದ ಮುಖ ಹೋಗಿತ್ತು. ಇನ್ನು ನನ್ನನ್ನು ಹೊರಗೆ ಕಳಿಸುತ್ತಾನೋ ಏನೋ ಎಂದುಕೊಂಡೆ. ಕೊನೆಗೆ ತಿರುಗದೆಯೇ ಹೇಳಿದ: "ನಂಗೆ ಗೊತ್ತಾಗಿದೆ ಅಂತ ಭಾವನಿಗೆ ಹೇಳ್ಬೇಡ. ಪಾಪ, ಇನ್ನೂ ಕುಗ್ಗಿಹೋಗ್ತಾರೆ. ಆಣೆ ಮಾಡು."

ಭಾವ ಎಂದು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಣೆ ಮಾಡಿದೆ. ಅತ್ತಿಗೆ ಒಳಗಿನಿಂದ ಮೊರ ತಂದರು. ಬಳೆ, ಅರಿಶಿನ ಕುಂಕುಮ, ಕಣ, ತೆಂಗಿನಕಾಯಿ ಎಲ್ಲ ಮೊದಲೇ ಜೋಡಿಸಿ ಇಟ್ಟಿದ್ದರು. ಹೋದ ಎರಡು ವರ್ಷವೂ ಹೀಗೇ ಜೋಡಿಸಿಟ್ಟು ಕಾದಿದ್ದರಂತೆ. ಅಲ್ಲೇ ಕೂತು ಅತ್ತುಬಿಟ್ಟೆ, ಈ ಸಲ ಹೊಗೆಯ ನೆಪ ಬೇಕಾಗಲಿಲ್ಲ.

ಮನೆಗೆ ಬಂದಾಗ ಯಜಮಾನರು ನನ್ನ ಕೈಯಲ್ಲಿದ್ದ ಮೊರವನ್ನು ನೋಡಿದರು, ನನ್ನನ್ನು ನೋಡಿದರು. "ಏನಂದ ನಿಮ್ಮಣ್ಣ?"

"ಹೇಳೋ ಹಾಗಿಲ್ಲ" ಎಂದು ಒಳಗೆ ಹೋದೆ.

ದೀಪಾವಳಿಗೆ ಅಣ್ಣ ಅತ್ತಿಗೆ ನಮ್ಮ ಮನೆಗೆ ಬಂದರು. ಯಜಮಾನರು ಪೇಟೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಅಣ್ಣ ಎದ್ದು ನಿಂತು, "ಬನ್ನಿ ಭಾವ, ಕೂತ್ಕೊಳ್ಳಿ" ಎಂದ. ಯಜಮಾನರು ಕೂತರು, ಕುರ್ಚಿಯ ತುದಿಯಲ್ಲಿ. ಸ್ವಲ್ಪ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಬಂದು ಪಿಸುಗುಟ್ಟಿದರು: "ಇಷ್ಟೊಂದು ಮರ್ಯಾದೆ ಯಾಕೆ? ಏನೋ ಇದೆ. ಅವನಿಗೆ ಗೊತ್ತಾಗಿದೆಯೇನೇ?" ನಾನು ಹೋಳಿಗೆ ತಿರುವಿ ಹಾಕಿದೆ.

ಆ ಶನಿವಾರ ಲಾಡ್ಜಿಗೆ ಹೊರಟವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತರು. "ಈಗಲಾದ್ರೂ ಹೇಳೇ, ಅವತ್ತು ಏನಂದ?"

ಗೂಟದಿಂದ ಚರ್ಮದ ಚೀಲ ತೆಗೆದು ನಾನೇ ಅವರ ಕೈಗೆ ಕೊಟ್ಟೆ. "ಸಭೆಗೆ ಹೊತ್ತಾಯ್ತು, ಹೋಗಿ ಬನ್ನಿ" ಎಂದೆ.