ಚೂಪು ತಳದ ದೋಣಿ

ನನ್ನ ಗಂಡನ ಅಣ್ಣನಿಗೆ, ಕುರಿಯ ವಿಷಯದಲ್ಲಿ ಇಡೀ ಶಿಕಾರಿಪುರ ತಾಲೂಕಿನಲ್ಲೇ ತನ್ನಷ್ಟು ತಿಳಿದವರಿಲ್ಲ ಎಂಬ ಕೊಬ್ಬು. ಎದುರಿಗೆ ‘ಭಾವಾರ’ ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನ್ನ ಕೈ ಒಪ್ಪುವುದಿಲ್ಲ. ದೋಣಿ ಕೊಳ್ಳುವಾಗಲೂ ಅವನು ಆ ಕೊಬ್ಬನ್ನು ಜೊತೆಗೇ ತಂದ.

ನಮ್ಮ ಮೇವಿನ ಜಾಗ ಕೆರೆಯ ಆಚೆ ದಡದಲ್ಲಿ. ಕೆರೆ ತುಂಬಿತೆಂದರೆ ಕುರಿಗಳನ್ನು ಸುತ್ತಿಸಿ ಹೊಡೆದುಕೊಂಡು ಹೋಗಲು ಅರ್ಧ ದಿನ ಬೇಕು. ಅದಕ್ಕೇ ಈ ಮೋಟಾರು ದೋಣಿಯ ಯೋಚನೆ. ಸೊರಬದಲ್ಲಿ ಮೀನಿನ ಗುತ್ತಿಗೆ ಬಿಟ್ಟವನೊಬ್ಬ ಎರಡು ಫೈಬರ್ ದೋಣಿಗಳನ್ನು ಮಾರಲು ಇಟ್ಟಿದ್ದ. ಉದ್ದ ಒಂದೇ, ಎಂಜಿನ್ ಒಂದೇ, ಬಣ್ಣವೂ ಒಂದೇ. ತಳ ಮಾತ್ರ ಬೇರೆ. ಒಂದರದು ಚಪ್ಪಟೆ, ಇನ್ನೊಂದರದು ನಡುವೆ ಚೂಪು.

ಭಾವ ಟಗರು ಆರಿಸುವವನ ಹಾಗೆ ಎರಡಕ್ಕೂ ಕೈಯಾಡಿಸಿದ, ತಟ್ಟಿದ. “ಅದಕ್ಕೆ ಎದಿನೇ ಇಲ್ಲ. ಇದರ ಎದಿ ನೋಡು, ಹೆಂಗೈತಿ!” ಎಂದು ಚೂಪಿನದನ್ನೇ ಹಿಡಿದ.

ಮಾರುವವನು ಪಾಪ, ಇದ್ದದ್ದನ್ನು ಇದ್ದ ಹಾಗೇ ಹೇಳಿದ. “ಚೂಪಿಂದು ಅಲೆ ಸೀಳ್ಕೊಂಡು ಹೋಗುತ್ತೆ ರೀ. ಆದ್ರೆ ನಿಂತಾಗ ಒಂದೇ ಕಡೆ ಭಾರ ಬಿದ್ರೆ ವಾಲುತ್ತೆ. ಚಪ್ಪಟೆದು ಅಲೆಗೆ ಬಡ್ಕೊಳ್ಳುತ್ತೆ, ಆದ್ರೆ ಅಲ್ಲಾಡಲ್ಲ.”

“ಭಾವಾರ, ಕುರಿ ಒಂದು ಹೋದ ಕಡೆ ಎಲ್ಲಾ ಹೋಗ್ತಾವು. ಚಪ್ಪಟೆದೇ ತಗೊಳ್ರಿ,” ಎಂದೆ.

“ಅಡಿಗಿ ಮನ್ಯಾಗಿನ ಮಾತು ಅಲ್ಲೇ ಇರ್ಲಿ,” ಎಂದ, ಆ ಹೊರಗಿನವನ ಎದುರಿಗೇ. ನನ್ನ ಗಂಡ ಎಂಜಿನ್ ನೋಡುವವನಂತೆ ಬಗ್ಗಿಕೊಂಡ. ಥೂ! ಇಬ್ಬರ ಮೇಲೂ ಮೈ ಉರಿಯಿತು.

ಮೊದಲ ದಿನ ಹತ್ತು ಕುರಿ ಹತ್ತಿಸಿದರು. ಅದರಲ್ಲೊಂದು ನನ್ನದು. ಮದುವೆಯಲ್ಲಿ ಅವ್ವ ಮರಿಯಾಗಿ ಕೊಟ್ಟದ್ದು, ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಗಬ್ಬವಾಗಿತ್ತು. ಗುಂಪಿಗೆ ಮುಂದಾಳು ಅದೇ ಆದ್ದರಿಂದ, ಹಾರಿಬಿಟ್ಟೀತೆಂದು ಭಾವ ಅದರ ಕೊರಳ ಹಗ್ಗವನ್ನು ದೋಣಿಯ ಅಂಚಿಗೆ ಬಿಗಿದ. ಗಂಡ ದೋಣಿಯನ್ನು ನೂಕಿ ದಡಕ್ಕೆ ಬಂದ.

ದಡದಲ್ಲಿ ನಿಂತ ನನಗೆ ಎಲ್ಲ ಕಾಣುತ್ತಿತ್ತು. ನನ್ನ ಕುರಿಯನ್ನು ಕಟ್ಟಿದ ಕಡೆಗೇ ಉಳಿದವೆಲ್ಲ ಒತ್ತಿಕೊಂಡು ಸರಿಯುತ್ತಿದ್ದವು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಹಗ್ಗ ಬಿಚ್ಚಿರಿ ಎಂದು ಕೂಗಿದ್ದರೆ ದೋಣಿಯಲ್ಲಿದ್ದ ಭಾವನಿಗೆ ಕೇಳಿಸುತ್ತಿತ್ತು. ಕೂಗಲಿಲ್ಲ. ಬೀಳಲಿ, ನಾಲ್ಕು ಜನರ ಎದುರು ಬೀಳಲಿ ಅಂತ ಬಾಯಿಗೆ ಸೆರಗು ಹಿಡಿದು ನಿಂತೆ.

ದೋಣಿ ವಾಲಿ ಮಗುಚಿತು. ಎದೆಮಟ್ಟದ ನೀರು, ಭಾವ ಕೆಮ್ಮುತ್ತ ಎದ್ದ. ಒಂಬತ್ತು ಕುರಿ ಈಜಿ ದಡ ಸೇರಿದವು. ನೆನೆದು ಬಿಗಿದ ಗಂಟನ್ನು ದೋಣಿಯಡಿಯಲ್ಲಿ ತಡಕಾಡಿ ಬಿಚ್ಚುವಷ್ಟರಲ್ಲಿ ನನ್ನ ಕುರಿ ಸತ್ತಿತ್ತು.

ಭಾವ ಅದನ್ನು ಎತ್ತಿ ತಂದು ನನ್ನ ಮುಂದೆ ಮಲಗಿಸಿದ. ತಲೆ ಎತ್ತಲಿಲ್ಲ. “ನಿನ್ನ ಮಾತು ಕೇಳ್ಬೇಕಿತ್ತವ್ವ. ತಪ್ಪೆಲ್ಲಾ ನಂದೇ,” ಎಂದ.

“ಹೌದು, ನಿಮ್ದೇ,” ಎಂದೆ.

ಇವತ್ತಿಗೂ ಅವನು ಹಾಗೆಂದೇ ತಿಳಿದಿದ್ದಾನೆ.