ಹೊಳೆಯೊಳಗಿನ ಜೊಂಡು

ಮೊನ್ನೆ ನಂಜನಗೂಡಿನ ಅಂಗಡಿಬೀದಿಯಲ್ಲಿ ಸೊಸೆಯ ಜೊತೆ ಚಾಪೆ ನೋಡುತ್ತಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚಾಪೆಗಳ ಹಿಂದಿನಿಂದ ಒಂದು ಜೊಂಡಿನ ಚಾಪೆ ಎಳೆದು ಬಿಡಿಸಿದ. ಕೆಸರು, ಬಿಸಿಲು, ಹುಲ್ಲು ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೊಸೆಯ ಹಿಂದೆ ಸರಿದು ನಿಂತೆ. ನಗಬೇಡಿ. ಚಾಪೆಗೆ ಹೆದರುವವಳನ್ನು ನೀವು ನೋಡಿರಲಿಕ್ಕಿಲ್ಲ.

ನಾನು ಮದುವೆಯಾಗಿ ಹೋದದ್ದು ಹೆಮ್ಮಿಗೆಗೆ. ಅತ್ತೆ ಕಾವೇರಿಯಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದರು. ಅವರ ಅತ್ತೆಯೂ ಅದನ್ನೇ ಮಾಡಿದ್ದರಂತೆ. ಬಾಣಂತಿಗೆ ಹಾಸಲು, ರಾಗಿ ಒಣಗಿಸಲು, ಕೊಟ್ಟಿಗೆಗೆ ಹೊದಿಸಲು, ಕೊನೆಗೆ ಹೆಣ ಮಲಗಿಸಲೂ ಊರಿಗೆಲ್ಲ ಜೊಂಡೇ. ನಾನೋ ನಂಜನಗೂಡಿನಲ್ಲಿ ಬೆಳೆದವಳು, ಕಪಿಲೆಯನ್ನು ಮೆಟ್ಟಿಲ ಮೇಲಿಂದ ನೋಡಿ ಕೈಮುಗಿದವಳು. ಜಿಗಣೆ ಕಂಡರೆ ಊರು ಕೇಳುವಂತೆ ಕಿರುಚುತ್ತಿದ್ದೆ. “ಪ್ಯಾಟೆ ಗೊಂಬೆ ತಂದವ್ನೆ ನನ್ ಮಗ” ಎಂದು ಅತ್ತೆ ನೆರೆಮನೆಯವರಿಗೆ ಹೇಳುತ್ತಿದ್ದರು, ನನಗೂ ಕೇಳಿಸುವಷ್ಟು ಜೋರಾಗಿ.

ಅತ್ತೆ ಸೊಂಟದುದ್ದ ನೀರಿನಲ್ಲಿ ನಿಂತು ಕೊಯ್ಯುವರು. ಎರಡೂ ಕೈಗೆ ಕೆಲಸವಿರುವುದರಿಂದ ಕೊಯ್ದ ಹೊರೆಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡರೆ ಅದು ಹಿಂದೆ ತೇಲುತ್ತಿರುತ್ತದೆ. ನಾನು ದಡದಲ್ಲಿ ಇನ್ನೊಂದು ಕುಡುಗೋಲು ಹಿಡಿದು ಕೊಯ್ದು ತಂದ ಜೊಂಡಿನ ಬುಡ ಕತ್ತರಿಸುವವಳು.

ಒಂದು ಬೆಳಗ್ಗೆ ಆ ಹೊರೆ ಇದ್ದಕ್ಕಿದ್ದಂತೆ ಮುಳುಗಿತು.

ಅತ್ತೆ ಬೆನ್ನು ಕೆಳಗಾಗಿ ಬಿದ್ದರು. ಹಗ್ಗ ಬಿಗಿದು, ಅವರು ನಡುಹೊಳೆಯ ಕಡೆಗೆ ಜಾರತೊಡಗಿದರು. ಜೊಂಡಿನ ನಡುವೆ ಒಂದು ಒರಟು ಬೆನ್ನು ಎದ್ದು ಮುಳುಗಿತು. ಮೊಸಳೆ! ಹೊರೆಯನ್ನು ಕಚ್ಚಿಕೊಂಡಿತ್ತು. ಅತ್ತೆಯ ಕೈಲಿದ್ದ ಕುಡುಗೋಲು ಜಾರಿ ಹೋಯಿತು. ಅವರು ಜೊಂಡಿನ ಬುಡ ತಬ್ಬಿಕೊಂಡು ಕೂಗಿದರು:

“ಬರ್ಬ್ಯಾಡ ಕಣೆ! ಓಡೋಗು, ಮೂದೇವಿ!”

ನಾನು ಹೇಗೆ ನೀರಿಗಿಳಿದೆನೋ ತಿಳಿಯದು. ಎದೆಮಟ್ಟದ ನೀರಿನಲ್ಲಿ ಹಗ್ಗ ಕೈಗೆ ಸಿಕ್ಕಿತು. ಅದು ಜೀವವಿದ್ದಂತೆ ಜಗ್ಗುತ್ತಿತ್ತು. ಕೈಲೇ ಇದ್ದ ನನ್ನ ಕುಡುಗೋಲಿನಿಂದ ಉಜ್ಜಿದೆ, ಉಜ್ಜಿದೆ. ಹಗ್ಗ ತುಂಡಾಗಿ ಹೊರೆ ಬಾಣದಂತೆ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡು ದಡ ಹತ್ತಿದೆವು.

ಅತ್ತೆಯ ಸೊಂಟದ ಸುತ್ತ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಅದನ್ನು ನೋಡಿಕೊಳ್ಳದೆ ಅವರು ನನ್ನ ಕಾಲುಗಳನ್ನು ತೊಡೆಯಿಂದ ಪಾದದವರೆಗೆ ಸವರಿದರು, ಮತ್ತೆ ಸವರಿದರು. ಸಂಜೆ “ಉಣ್ಣು ಕಣವ್ವ” ಎಂದು ತಾವೇ ಮುದ್ದೆ ಬಡಿಸಿದರು. ಆಮೇಲೆ ಹೊಳೆಗೆ ಹೋಗುವುದನ್ನು ಬಿಡಲಿಲ್ಲ. ಹಗ್ಗ ಕಟ್ಟಿಕೊಳ್ಳುವುದನ್ನು ಬಿಟ್ಟರು, ನನ್ನನ್ನು ಕರೆದೊಯ್ಯುವುದನ್ನೂ ಬಿಟ್ಟರು. ವಯಸ್ಸಾಗಿ, ಮನೆಯಲ್ಲೇ, ತಮ್ಮ ಚಾಪೆಯ ಮೇಲೇ ತೀರಿಕೊಂಡರು.

ಇದನ್ನು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳುವಾಗೆಲ್ಲ, ಹಗ್ಗ ತುಂಡಾಗದಿದ್ದರೆ ಅತ್ತೆಯ ಗತಿಯೇನು ಎಂದು ನಾನೇ ಬೆವರುತ್ತೇನೆ. ಮೊನ್ನೆ ಅಂಗಡಿಯಲ್ಲಿ ಸೊಸೆಗೆ ಮೊದಲ ಸಲ ಹೇಳಿದೆ. ಅವಳು ನನ್ನ ಅತ್ತೆಯ ಬಗ್ಗೆ ಏನೂ ಕೇಳಲಿಲ್ಲ. ಮುಖ ಬಿಳಿಚಿಕೊಂಡು ನನ್ನ ರಟ್ಟೆ ಹಿಡಿದಳು.

“ಅಲ್ಲ ಅತ್ತೆ, ಅದು ಹೊರೆ ಬಿಟ್ಟು ನಿಮ್ಮನ್ನೇ ಹಿಡ್ದಿದ್ರೆ?”

ನಂಬುತ್ತೀರೋ ಇಲ್ಲವೋ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದು ನನಗೆ ಹೊಳೆದಿರಲಿಲ್ಲ. ಅಂಗಡಿಯವನು ನೋಡುತ್ತಿರುವಂತೆಯೇ ನೆಲಕ್ಕೆ ಕೂತುಬಿಟ್ಟೆ.