ಗೊಂಬೆ ಮೆಟ್ಟಿಲಿನಿಂದ ಇಳಿದ ಗೋಲಿ

ಕೃಷ್ಣಪ್ರಸಾದ ವರ್ಷವಿಡೀ ಸಿಡುಕ. ಅಕ್ಟೋಬರಿನಲ್ಲಂತೂ ಅವನನ್ನು ಮಾತಾಡಿಸುವ ಹಾಗೇ ಇರಲಿಲ್ಲ. ಉತ್ತರ ಅಮೆರಿಕದಲ್ಲಿ ವೃತ್ತಿಪರ ಐಸ್ ಹಾಕಿಯ ಸೀಸನ್ ಶುರುವಾಗುವುದು ಆ ತಿಂಗಳು. ಅದರ ಜೊತೆಗೇ ನೈರೋಬಿಯ ಹೈರಿಡ್ಜ್‌ನಲ್ಲಿ, ಅವನ ಫ್ಲ್ಯಾಟಿನಲ್ಲಿ, ಬೈಗುಳವೂ ಶುರುವಾಗುತ್ತಿತ್ತು.

ಮೈಸೂರಿನಲ್ಲಿ ಕ್ರಿಕೆಟ್ ನೋಡಿ ಬೆಳೆದ ಈ ಟೆಲಿಕಾಂ ಎಂಜಿನಿಯರಿಗೆ ಆ ಆಟ ಗಂಟುಬಿದ್ದದ್ದು ಕಂಪನಿ ಅವನನ್ನು ಮೊದಲು ಟೊರಾಂಟೊಗೆ ಕಳಿಸಿದಾಗ. ಅಲ್ಲಿನ ಮೊದಲ ಚಳಿಗಾಲದಲ್ಲೇ ಮನೆ ಮುಂದಿನ ಹಿಮದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಪ್ಲಾಸ್ಟರ್ ಕಟ್ಟಿಸಿಕೊಂಡು ಸೋಫಾದಲ್ಲಿ ಕೂತರೆ ಯಾವ ಚಾನೆಲ್ ತಿರುಗಿಸಿದರೂ ಅದೇ ಆಟ. ತಾನು ಎರಡು ಹೆಜ್ಜೆ ನಿಲ್ಲಲಾರದ ಮಂಜುಗಡ್ಡೆಯ ಮೇಲೆ ಹಾರಾಡುವವರನ್ನು ಕಂಡು ಮೊದಲು ಬೆರಗಾದ, ಆಮೇಲೆ ಅಭಿಮಾನಿಯಾದ, ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅವರ ತಪ್ಪು ಎಣಿಸುವವನಾಗಿದ್ದ. ಸ್ಕೇಟ್ ಮಾತ್ರ ಇವತ್ತಿನವರೆಗೂ ಕಾಲಿಗೆ ಹಾಕಿದವನಲ್ಲ. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಈ ಮಹಾಶಯನಿಗೆ ತಾನು ಕುಣಿಯದೆಯೇ ಊರವರ ನೆಲವೆಲ್ಲ ಡೊಂಕು.

ಟೊರಾಂಟೊ ಬಿಟ್ಟು ನೈರೋಬಿಗೆ ಬಂದರೂ ಟೊರಾಂಟೊ ತಂಡ ಅವನನ್ನು ಬಿಡಲಿಲ್ಲ. ಅಲ್ಲಿ ರಾತ್ರಿ ಆಡಿದ್ದನ್ನು ಇಲ್ಲಿ ಬೆಳಗ್ಗೆ ಕಾಫಿ ಕುಡಿಯುತ್ತ ರೆಕಾರ್ಡಿಂಗ್ ನೋಡುತ್ತಿದ್ದ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಸ್ಕೋರ್ ಹೇಳಕೂಡದು. ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಒಳಗೆ ನುಗ್ಗದಂತೆ ಗೋಲ್ ಕಾಯುವ ಗೋಲಿಯ ಮೇಲೆ ನೆಟ್ಟ ದೃಷ್ಟಿ ಕಡೆಯವರೆಗೂ ಕದಲುತ್ತಿರಲಿಲ್ಲ. ಬೈಯುವುದಕ್ಕೆ ಅವನಷ್ಟು ಅನುಕೂಲದ ಮನುಷ್ಯ ಬೇರೆ ಇಲ್ಲವಲ್ಲ.

"ಡಿಫೆನ್ಸ್‌ನವರನ್ನ ನೋಡು. ಮದುವೆ ಮನೇಲಿ ಬೀಗರಿಗೆ ದಾರಿ ಬಿಟ್ಟ ಹಾಗೆ ಬಿಡ್ತಾರೆ. ಆ ಗೋಲಿ ಇದಾನಲ್ಲ, ಅವನಿಗೆ ಪಕ್ ಕಂಡ್ರೆ ದಾಕ್ಷಿಣ್ಯ. ಒಳಗೆ ಬಾ ಅಂತಾನೆ."

"ಇನ್ನೂ ಸೀಸನ್ ಶುರು ರೀ. ಎಂಬತ್ತು ಚಿಲ್ರೆ ಗೇಮ್ ಇವೆ ಅಂತೀರಿ," ಎನ್ನುತ್ತಿದ್ದಳು ಹೆಂಡತಿ ಭಾರ್ಗವಿ.

"ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ? ಐದು ಗೇಮ್ ನೋಡಿದ್ರೆ ಸಾಕು. ಅಕ್ಟೋಬರಲ್ಲಿ ಕೈಲಾಗದೋನು ಏಪ್ರಿಲಲ್ಲಿ ಏನು ಕಿಸೀತಾನೆ?"

ಗಾದೆ ಒಳ್ಳೆಯದೇ. ಆದರೆ ಅದನ್ನು ಮೊಳಕೆ ಚಿವುಟುವುದಕ್ಕೆ ಬಳಸಿದವನು ಇವನೊಬ್ಬನೇ ಇರಬೇಕು.

ಅಕ್ಟೋಬರಿನಲ್ಲೇ ನವರಾತ್ರಿಯೂ ಬರುತ್ತಿತ್ತು. ಭಾರ್ಗವಿಯ ಪಟ್ಟದ ಗೊಂಬೆಗಳು, ರಾಜ ರಾಣಿ, ಮೈಸೂರಿನಿಂದ ಟೊರಾಂಟೊಗೆ ಹೋಗಿ ಅಲ್ಲಿಂದ ನೈರೋಬಿಗೆ ಬಂದಿದ್ದವು. ರಟ್ಟಿನ ಡಬ್ಬಗಳನ್ನು ಜೋಡಿಸಿ, ಮೇಲೆ ನ್ಗಾರಾ ಪೇಟೆಯ ಅಂಗಡಿಯಿಂದ ತಂದ ಕೆಂಪು ಬಟ್ಟೆ ಹಾಸಿ ಅವಳು ಏಳು ಮೆಟ್ಟಿಲು ಕಟ್ಟುತ್ತಿದ್ದಳು. ಒಂದು ವರ್ಷ ಕೃಷ್ಣಪ್ರಸಾದ ಟೊರಾಂಟೊದಿಂದ ತಂದ ಪ್ಲಾಸ್ಟಿಕ್ ಗೋಲಿ ಬೊಂಬೆಯೊಂದನ್ನು ದಶಾವತಾರದ ಪಕ್ಕ ಇಟ್ಟ. ತಂಡ ಸೋತರೆ ಅದನ್ನು ಒಂದು ಮೆಟ್ಟಿಲು ಕೆಳಗಿಳಿಸುವುದು. ಅದು ಆ ಮನೆಯ ಪದ್ಧತಿಯೇ ಆಗಿಹೋಯಿತು. ಅರಿಶಿನ ಕುಂಕುಮಕ್ಕೆ ಬಂದ ಕಾತ್ಯಾಯಿನಮ್ಮ ಒಮ್ಮೆ, "ಇದ್ಯಾವ ದೇವರಮ್ಮಾ, ಮುಖಕ್ಕೆ ಜಾಲರಿ?" ಎಂದು ಕೇಳಿದ್ದರು.

"ನಮ್ಮನೆಯವರ ದೇವರು. ದಿನಾ ಬೈಸ್ಕೊಳತ್ತೆ," ಎಂದಿದ್ದಳು ಭಾರ್ಗವಿ.

2015ರ ನವರಾತ್ರಿಗೆ ಮೆಟ್ಟಿಲ ಮೇಲೆ ಇನ್ನೊಂದು ಗೋಲಿ ಬಂತು. ಹನ್ನೊಂದು ವರ್ಷದ ಮಗಳು ನಿಹಾರಿಕಾ ಜೇಡಿಮಣ್ಣಿನಲ್ಲಿ ಮಾಡಿ, ಬಣ್ಣ ಹಚ್ಚಿ, ಮೂರನೆಯ ಮೆಟ್ಟಿಲಲ್ಲಿ ತಾನೇ ಜಾಗ ಮಾಡಿ ಇಟ್ಟದ್ದು. ಎರಡು ಜಡೆಯ ಗೋಲಿ. ಮೊಂಬಾಸಾ ರಸ್ತೆಯ ಹೋಟೆಲೊಂದರ ಒಳಗೆ ಮಂಜುಗಡ್ಡೆಯ ಮೇಲೆ ಜಾರಾಡುವುದಕ್ಕೆ ಪುಟ್ಟ ಐಸ್ ರಿಂಕ್ ಇತ್ತು. ಅಲ್ಲಿ ಸೆಲಿನ್ ಎಂಬ ಕೋಚ್ ಮಕ್ಕಳಿಗೆ ಹಾಕಿ ಕಲಿಸುತ್ತಿದ್ದಳು. ನಿಹಾರಿಕಾ ಕೆಲವು ತಿಂಗಳಿಂದ ಹೋಗುತ್ತಿದ್ದಳು. ಗೋಲಿಯ ಸಾಮಾನು ಊರಲ್ಲೆಲ್ಲೂ ಸಿಗದೆ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಅವಳ ಮೊದಲ ಪಂದ್ಯ ನವರಾತ್ರಿಯ ಶನಿವಾರಕ್ಕೇ ಬಿತ್ತು.

ಅಷ್ಟರಲ್ಲಿ ಟೊರಾಂಟೊ ಮೊದಲ ಮೂರು ಆಟವನ್ನೂ ಸೋತು ಪ್ಲಾಸ್ಟಿಕ್ ಗೋಲಿ ಕೆಳಗಿಳಿದಾಗಿತ್ತು. ಆ ಶನಿವಾರ ಬೆಳಗ್ಗೆ ನೋಡಿದರೆ ಕೊನೆಗೂ ಒಂದು ಗೆದ್ದಿದ್ದರು. ಭಾರ್ಗವಿ ಬೊಂಬೆಯನ್ನು ಮೇಲಕ್ಕೆ ಇಡಹೋದಳು. "ಮುಟ್ಬೇಡ. ಇವರು ಗೆದ್ದಿದ್ದಲ್ಲ, ಎದುರಿನೋರು ಇವರಿಗಿಂತ ದರಿದ್ರ," ಎಂದ. ಅವನ ನ್ಯಾಯಾಲಯದಲ್ಲಿ ಬಡ್ತಿ ಎಂಬುದೇ ಇರಲಿಲ್ಲ.

ರಿಂಕಿನಲ್ಲಿ ಮಿಕ್ಕ ಅಪ್ಪ ಅಮ್ಮಂದಿರು ಶಾಲು ಹೊದ್ದು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಕೃಷ್ಣಪ್ರಸಾದ ಮಾತ್ರ ಗೋಲಿನ ಹಿಂದಿನ ಗಾಜಿಗೆ ಮೂಗು ಒತ್ತಿ ನಿಂತ. ಮೊದಲ ಗೋಲು ಬಿದ್ದದ್ದಕ್ಕೆ "ಆಂಗಲ್ ಕಟ್ ಮಾಡು!" ಎಂದ. ಎರಡನೆಯದಕ್ಕೆ "ನಿದ್ದೆ ಮಾಡ್ತಿದೀಯಾ?" ಎಂದು ಗಾಜು ಗುದ್ದಿದ. ನಿಹಾರಿಕಾ ಪ್ರತಿ ಸಲವೂ ಆಟ ಬಿಟ್ಟು ಹಿಂದೆ ತಿರುಗಿ ಅವನನ್ನು ನೋಡುತ್ತಿದ್ದಳು. ಅವಳು ಹಿಂದೆ ನೋಡಿದಾಗ ಪಕ್ ಮುಂದಿನಿಂದ ಬರುತ್ತಿತ್ತು.

ಸೆಲಿನ್ ಬಂದು, "ಬಾಬಾ ನಿಹಾರಿಕಾ, ಪೋಲೆ ಪೋಲೆ," ಎಂದಳು. ನಿಹಾರಿಕಾಳ ಅಪ್ಪಾ, ಮೆಲ್ಲಗೆ, ಮೆಲ್ಲಗೆ. ಅವನು ಅವಳಿಗೂ ನಾಲ್ಕು ಮಾತು ಅಂದ. ಆರು ಗೋಲು ಬಿದ್ದವು.

ವಾಪಸಾಗುವಾಗ ರಸ್ತೆ ಜಾಮ್. ಜನ ತುಂಬಿದ ಬಾಡಿಗೆ ವ್ಯಾನು, ಒಂದು ಮಟಾಟು, ಅಡ್ಡ ನುಗ್ಗಿತು. ಅದಕ್ಕೊಂದಿಷ್ಟು ಬೈದು ಮತ್ತೆ ಮಗಳ ಕಡೆ ತಿರುಗಿದ. ನಿಲುವು ಸರಿಯಿಲ್ಲ, ಗ್ಲೌಸ್ ತಡ, ಮನಸ್ಸಂತೂ ಮಂಜುಗಡ್ಡೆಯ ಮೇಲೇ ಇಲ್ಲ. ಹಿಂದಿನ ಸೀಟಿನಿಂದ ಒಂದೇ ಮಾತು ಬಂತು. "ಇಟ್ ವಾಸ್ ಮೈ ಫಸ್ಟ್ ಗೇಮ್, ಅಪ್ಪಾ."

"ಫಸ್ಟ್ ಗೇಮಲ್ಲೇ ಗೊತ್ತಾಗೋದು," ಎಂದ.

ಸಂಜೆ ಮನೆ ತುಂಬ ಗೊಂಬೆ ನೋಡಲು ಬಂದವರು. ನಿಹಾರಿಕಾ ರೇಷ್ಮೆ ಲಂಗ ಉಟ್ಟು ಕಡಲೆಕಾಳಿನ ಉಸಲಿಯ ತಟ್ಟೆ ಹಿಡಿದು ಬಂದಳು. ಕಾತ್ಯಾಯಿನಮ್ಮ ಜಡೆಯ ಗೋಲಿಯನ್ನು ನೋಡಿ, "ಇದು ಯಾರು ಮಾಡಿದ್ದು? ಎಷ್ಟು ಮುದ್ದಾಗಿದೆ!" ಎಂದರು. ಕೃಷ್ಣಪ್ರಸಾದನಿಗೆ ನಾಲ್ಕು ಜನ ಸೇರಿದರೆ ತಮಾಷೆ ಮಾಡಬೇಕು. ಅದನ್ನು ಮೂರನೆಯ ಮೆಟ್ಟಿಲಿನಿಂದ ಎತ್ತಿ, ಎಲ್ಲ ಮೆಟ್ಟಿಲು ದಾಟಿಸಿ, ಕೆಳಗೆ ನೆಲದ ಮೇಲೆ ಕೂರಿಸಿದ. "ಆರು ಗೋಲು ಬಿಟ್ಟೋರಿಗೆ ಮೇಲೆ ಜಾಗ ಇಲ್ಲ," ಎಂದ.

ಎಲ್ಲರೂ ನಕ್ಕರು. ನಿಹಾರಿಕಾ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು. ಉಪ್ಪು ಕಮ್ಮಿಯಾಯಿತೆಂದು ಅವನು ಉಸಲಿಯನ್ನೂ ಬೈದ.

ಮಂಗಳವಾರ ಕೀನ್ಯಾದ ವೀರರನ್ನು ನೆನೆಯುವ ಮಶುಜಾ ದಿನದ ರಜೆ, ರಿಂಕಿನಲ್ಲಿ ಅಭ್ಯಾಸವಿತ್ತು. ಅವನು ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತ. ಮಗಳು ಕೋಣೆಯಿಂದ ಹೊರಗೆ ಬರಲಿಲ್ಲ. "ಐ ಆಮ್ ನಾಟ್ ಗೋಯಿಂಗ್" ಎಂದಷ್ಟೇ ಕೇಳಿಸಿತು.

"ನೋಡಿದ್ಯಾ? ಒಂದು ಸೋಲಿಗೇ ಸುಸ್ತು. ನಾನು ಆವತ್ತೇ ಹೇಳಿದ್ನಲ್ಲ."

ಭಾರ್ಗವಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವಳು ಎದ್ದು ನಿಂತಳು. "ರೀ, ಅಷ್ಟು ಹುಡುಗ್ರಲ್ಲಿ ಅವಳೇ ಯಾಕೆ ಗೋಲಿ ಆದ್ಲು, ಒಂದಿನ ಕೇಳಿದೀರಾ? ಟೀವೀಲಿ ನೀವು ಅವನೊಬ್ಬನ್ನೇ ಕಣ್ಣು ಮಿಟುಕಿಸ್ದೆ ನೋಡ್ತೀರಿ. ಅಪ್ಪ ನನ್ನೂ ಹಾಗೇ ನೋಡ್ತಾರೆ ಅಂದ್ಕೊಂಡಿತ್ತು ಮಗು. ನೋಡಿದ್ರಲ್ಲ, ಚೆನ್ನಾಗಿ ನೋಡಿದ್ರಿ!"

ಕೃಷ್ಣಪ್ರಸಾದ ಕಾರಿನ ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಮಗಳ ಕೋಣೆಯ ಮುಂದೆ ಹೋಗಿ ನಿಂತ. ಬಾಗಿಲು ತಟ್ಟಬೇಕೆನಿಸಿತು, ಆದರೆ ತಟ್ಟಿ ಏನು ಹೇಳಬೇಕೋ ತಿಳಿಯಲಿಲ್ಲ. ತಪ್ಪಾಯಿತು ಎಂಬುದು ಅವನು ಬೇರೆಯವರಿಗೆ ಹೇಳುವ ಮಾತು. ಕೊನೆಗೆ ಯಾರೂ ಇಲ್ಲದಾಗ ಜಡೆಯ ಗೋಲಿಯನ್ನು ನೆಲದಿಂದೆತ್ತಿ ಮೂರನೆಯ ಮೆಟ್ಟಿಲಲ್ಲಿ ಇಟ್ಟ. ಸಂಜೆ ನೋಡಿದರೆ ಅದು ಮತ್ತೆ ನೆಲದ ಮೇಲಿತ್ತು. ಮಾರನೆಯ ದಿನವೂ ಮೇಲಿಟ್ಟ, ಮತ್ತೆ ಕೆಳಗಿತ್ತು.

ವಿಜಯದಶಮಿಯ ಸಂಜೆ ಆರತಿ ಎತ್ತಿ ಗೊಂಬೆಗಳನ್ನು ಮಲಗಿಸುವ ಹೊತ್ತು. ಭಾರ್ಗವಿ ರಾಜ ರಾಣಿಯರನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದಳು. ಹಬ್ಬ ಮುಗಿಯಿತೆಂದು ಅರ್ಥ. ಇನ್ನು ಎಲ್ಲ ಗೊಂಬೆಗಳೂ ಡಬ್ಬಕ್ಕೆ. ನಿಹಾರಿಕಾ ಬಂದು ನೆಲದ ಮೇಲಿದ್ದ ತನ್ನ ಗೋಲಿಯನ್ನು ಎತ್ತಿ, ಪಟ್ಟದ ಗೊಂಬೆಗಳ ಪಕ್ಕದಲ್ಲಿ ಮಲಗಿಸಿದಳು. ಕ್ರಿಕೆಟ್ ಪ್ಯಾಡುಗಳನ್ನೂ ತಂದು ಡಬ್ಬದ ಹತ್ತಿರ ಇಟ್ಟಳು.

ಕೃಷ್ಣಪ್ರಸಾದ ಡಬ್ಬಕ್ಕೆ ಕೈ ಅಡ್ಡ ಹಿಡಿದ. "ಏಯ್, ಯಾಕೆ ಪುಟ್ಟಾ? ಇನ್ನೂ ಸೀಸನ್ ಶುರು ಕಣೇ. ಒಂದೇ ಗೇಮ್ ಆಗಿರೋದು." ಯಾವ ಗೋಲಿಗೂ ಯಾವ ಅಕ್ಟೋಬರಿನಲ್ಲೂ ಅವನು ಆಡದ ಮಾತು ಅದು.

ಮನೆಯಲ್ಲಿ ಕನ್ನಡ ಕೇಳಿ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅವತ್ತು ಕನ್ನಡದಲ್ಲೇ ಹೇಳಿದಳು. "ಬೆಳೆಯುವ ಸಿರಿ ಮೊಳಕೆಯಲ್ಲಿ, ಅಪ್ಪಾ."

ಸಿಟ್ಟಿನಿಂದ ಹೇಳಲಿಲ್ಲ. ದಿನಾ ಬೆಳಗ್ಗೆ ಕೇಳಿ ಬಾಯಿಪಾಠವಾದದ್ದನ್ನು ಒಪ್ಪಿಸಿದ ಹಾಗಿತ್ತು. ಆಮೇಲೆ ಗೋಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟಳು. ಭಾರ್ಗವಿ ಡಬ್ಬ ಮುಚ್ಚಿ ಟೇಪ್ ಅಂಟಿಸಿದಳು. ಅದನ್ನು ಮುಂದಿನ ನವರಾತ್ರಿಯವರೆಗೆ ತೆರೆಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ.